ಕೊನೆಯ ಗಾಡಿ ಬರುವ ತನಕ

ಡಾಕ್ಟರ್ ನಿರುಪಮಾ ಕ್ಯಾರವಾನನ್ನು ರಿವರ್ಸ್ ತೆಗೆಯುವುದನ್ನು ನೋಡಲೆಂದೇ ಗಂಡಸರು ಕಾಫಿ ಲೋಟ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಕಾರಿನ ಬೆನ್ನಿಗೆ ಕೊಂಡಿ ಹಾಕಿಕೊಂಡು ಬರುವ ಈ ಗಾಲಿಯ ಮನೆಗೆ ಹಿಂದಕ್ಕೆ ಹೋಗುವುದೆಂದರೆ ಆಗಿಬರುವುದಿಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಮುನಿಸಿಕೊಂಡು ಬಲಕ್ಕೆ ಹೋಗುತ್ತದೆ. ನಿರುಪಮಾ ಮಾತ್ರ ಬೇಲಿಯ ಒಂದು ಎಲೆಯೂ ಅಲುಗದಂತೆ ಒಂದೇ ಸಲಕ್ಕೆ ತಂದು ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಇಳಿಯುತ್ತಿದ್ದರು. ಅವರ ಗಂಡ ರಾಮಮೂರ್ತಿಗಳು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ದೊಡ್ಡಾಸ್ಪತ್ರೆಯಲ್ಲಿ ಜೀವಮಾನವೆಲ್ಲ ಮುರಿದ ಮೂಳೆ ಕೂಡಿಸಿದವರು. ಈ ವಿದ್ಯೆ ತಮ್ಮ ತಲೆಗೆ ಹತ್ತುವುದಿಲ್ಲವೆಂದು ಅವರು ಎಂದೋ ಕೈಚೆಲ್ಲಿದ್ದರು. ಹಿಂದೆ ನಿಂತು "ಬಾ, ಬಾ, ಬಾ" ಎನ್ನುವುದಷ್ಟೇ ಅವರ ಪಾಲಿನ ಕೆಲಸ.

ನಿರುಪಮಾ ಮೈಸೂರಿನವರು. ಜಿಪಿಯಾಗಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆಯಾಗಿ, ನಿವೃತ್ತರಾಗಿದ್ದರೂ ದನಿಯಲ್ಲಿ ಕ್ಲಿನಿಕ್ಕಿನ ಗತ್ತು ಹಾಗೇ ಉಳಿದಿತ್ತು. ಆ ದನಿಯಿಂದಲೇ ಅವರು ಬಿಡಾರ ಬಳಗವನ್ನು ಕಟ್ಟಿದ್ದರು. ಬರ್ಮಿಂಗ್‌ಹ್ಯಾಂ, ಮ್ಯಾಂಚೆಸ್ಟರ್, ಲೀಡ್ಸ್‌ಗಳ ಸುತ್ತಮುತ್ತ ನೆಲೆಸಿದ, ಕ್ಯಾರವಾನಿನ ಹುಚ್ಚು ಹತ್ತಿಸಿಕೊಂಡ ಕರ್ನಾಟಕದ ಕುಟುಂಬಗಳ ಸಂಘ ಅದು. ಬೇಸಿಗೆಯ ತಿಂಗಳುಗಳಲ್ಲಿ ಒಂದೊಂದು ವಾರಾಂತ್ಯ ಯಾರಾದರೊಬ್ಬ ರೈತನ ಹುಲ್ಲುಗಾವಲನ್ನು ಬಾಡಿಗೆಗೆ ಹಿಡಿಯುವುದು, ಎಲ್ಲರೂ ತಂತಮ್ಮ ಗಾಡಿಗಳನ್ನು ತಂದು ಗುಂಡಗೆ ನಿಲ್ಲಿಸುವುದು, ನಡುವೆ ಒಲೆ ಹೂಡಿ ಒಟ್ಟಿಗೆ ಉಣ್ಣುವುದು. ಕಾಗದದ ಮೇಲೆ ನಿಯಮಗಳು ಬೇಕಾದಷ್ಟಿದ್ದವು, ಯಾರೂ ಓದಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ನಿಯಮ ಒಂದೇ: ಶುಕ್ರವಾರ ಸಂಜೆ ಕೊನೆಯ ಗಾಡಿ ಬರುವ ತನಕ ಯಾರೂ ತಟ್ಟೆ ಮುಟ್ಟುವಂತಿಲ್ಲ.

ಅದು ಸುಮ್ಮನೆ ಹುಟ್ಟಿದ ನಿಯಮವಲ್ಲ. ಬಳಗದ ಮೊದಲ ವರ್ಷ ಲೀಡ್ಸಿನಿಂದ ಬರುತ್ತಿದ್ದ ಮೆಹಬೂಬರ ಗಾಡಿ ದಾರಿಯಲ್ಲಿ ಪಂಕ್ಚರ್ ಆಯಿತು. ಹುಬ್ಬಳ್ಳಿ ಕಡೆಯ ಇಂಜಿನಿಯರ್ ಆತ. ಹೆಂಡತಿ ಇಸ್ಮತ್, ಕಂಕುಳಲ್ಲಿ ಪುಟ್ಟ ಮಗಳು ಸದಫ್. ಅವರು ಬಂದು ಮುಟ್ಟುವಷ್ಟರಲ್ಲಿ ಇಲ್ಲಿ ಪಾತ್ರೆ ತೊಳೆದು ಬೋರಲು ಹಾಕಿಯಾಗಿತ್ತು. ಇಸ್ಮತ್ ಯಾರನ್ನೂ ಏನೂ ಕೇಳದೆ ಗಾಡಿಯೊಳಗೆ ಬರೀ ಬ್ರೆಡ್ಡು ತಿಂದು ಮಲಗಿದಳು. ಬೆಳಿಗ್ಗೆ ಅವಳ ಊದಿದ ಕಣ್ಣು ನೋಡಿದ ನಿರುಪಮಾ ಎಲ್ಲರನ್ನೂ ಕರೆದರು. "ಇನ್ನು ಮೇಲೆ ನಮ್ಮ ಬಳಗದಲ್ಲಿ ಯಾರೂ ಹೀಗೆ ಒಬ್ಬರೇ ಉಣ್ಣಕೂಡದು" ಎಂದು ಅಲ್ಲೇ ಅಪ್ಪಣೆ ಹೊರಡಿಸಿದರು. ಅಂದಿನಿಂದ ಆ ಸಂಸಾರ ಒಮ್ಮೆಯೂ ತಡವಾಗಿ ಬಂದದ್ದಿಲ್ಲ. ಹೊಲದ ಗೇಟು ತೆಗೆಯುವ ಹೊತ್ತಿಗೆ ಅವರ ಗಾಡಿ ಅಲ್ಲಿರುತ್ತಿತ್ತು. "ಉತ್ಸಾಹ ಅಂದ್ರೆ ಇವರನ್ನು ನೋಡಿ ಕಲೀಬೇಕು" ಎಂದು ನಿರುಪಮಾ ಪ್ರತಿ ವಾರ್ಷಿಕ ಸಭೆಯಲ್ಲೂ ಹೊಗಳುತ್ತಿದ್ದರು. ಇಸ್ಮತ್ ತಲೆ ತಗ್ಗಿಸಿ ನಗುತ್ತಿದ್ದಳು.

ಈಗೀಗ ಬಳಗ ಸೊರಗಿತ್ತು. ಹಳಬರಲ್ಲಿ ಕೆಲವರು ಮೊಣಕಾಲು ನೋವೆಂದು ಗಾಡಿ ಮಾರಿದರು. ಹೊಸಬರು ಒಂದು ಬೇಸಿಗೆ ಬಂದು, ಫೋಟೊ ತೆಗೆಸಿಕೊಂಡು, ಮರುವರ್ಷ ಕಾಣೆಯಾದರು. ಹೀಗೇ ಆದರೆ ಅಕ್ಟೋಬರಿನ ಸಭೆಯಲ್ಲಿ ಬಳಗವನ್ನು ಮುಚ್ಚಿಬಿಡೋಣ ಎಂದು ಸಮಿತಿ ತೀರ್ಮಾನಿಸಿತು. ನಿರುಪಮಾ ಆ ದಿನ ಮನೆಗೆ ಬಂದವರು ಊಟ ಬೇಡವೆಂದರು. ಈ ದೇಶದಲ್ಲಿ ಅವರಿಗೆ ಮನೆಯಿತ್ತು, ಪಿಂಚಣಿಯಿತ್ತು, ಫೋನಿನಲ್ಲಿ ಇಂಗ್ಲಿಷಿನಲ್ಲಿ ಕ್ಷೇಮ ವಿಚಾರಿಸುವ ಮಗನಿದ್ದ. ಕನ್ನಡದಲ್ಲಿ ಬೈಯಲು, ಬೈಸಿಕೊಳ್ಳಲು ಮಾತ್ರ ಆ ಹುಲ್ಲುಗಾವಲು ಬಿಟ್ಟರೆ ಇನ್ನೊಂದು ಜಾಗವಿರಲಿಲ್ಲ.

"ಕಾಲಕ್ಕೆ ತಕ್ಕ ಹಾಗೆ ಬದಲಾಗ್ಬೇಕು ಕಣ್ರೀ" ಎಂದು ಮರುದಿನ ಗಂಡನಿಗೆ ಹೇಳಿ ಸೊಂಟ ಕಟ್ಟಿ ನಿಂತರು. ಸಾಲ್ಫರ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಸುಮುಖನನ್ನು ಹಿಡಿದು ಬಳಗಕ್ಕೊಂದು ಆ್ಯಪ್ ಮಾಡಿಸಿದರು. ಅವನ ಹೆಂಡತಿ ಸೃಷ್ಟಿ, ಎರಡು ಚಿಕ್ಕ ಮಕ್ಕಳು. ಬಳಗದಲ್ಲಿ ಉಳಿದಿದ್ದ ಕೆಲವೇ ಎಳೆಯ ಸಂಸಾರಗಳಲ್ಲಿ ಅದೊಂದು. ಮೊದಲು ಜಾಗ ಬೇಕೆಂದರೆ ನಿರುಪಮಾರಿಗೆ ಫೋನು ಮಾಡಿ ಅರ್ಧ ಗಂಟೆ ಬುದ್ಧಿವಾದ ಕೇಳಬೇಕಿತ್ತು, ಈಗ ಬೆರಳಲ್ಲಿ ಒತ್ತಿದರೆ ಸಾಕು. ಎಳೆಯುವ ಕ್ಯಾರವಾನೇ ಆಗಬೇಕೆಂಬ ಹಟ ಬಿಟ್ಟು, ಮನೆಯೂ ಇಂಜಿನ್ನೂ ಒಂದೇ ಆಗಿರುವ ಕ್ಯಾಂಪರ್‌ವ್ಯಾನಿನವರಿಗೂ ಬಾಗಿಲು ತೆರೆದರು. ಹೊಲದ ಮಧ್ಯೆ ವೈಫೈ ಬಂತು. ಹಲಾಲ್ ಅಡುಗೆಗೆ ಬೇರೆ ಒಲೆ, ಸಸ್ಯಾಹಾರಕ್ಕೆ ಬೇರೆ ಒಲೆ ಬಂದವು. ಶನಿವಾರ ಬೆಳಿಗ್ಗೆ ಜುಂಬಾ ಕೂಡ ಬಂತು. ರಾಮಮೂರ್ತಿಗಳು ಮಂಕಿಕ್ಯಾಪು ಹಾಕಿಕೊಂಡೇ ಅದರಲ್ಲಿ ಕುಣಿಯಬೇಕಾಯಿತು. ಇಷ್ಟೆಲ್ಲ ಆದ ಮೇಲೂ ಇನ್ನೆರಡು ಸಂಸಾರಗಳು ಸದ್ದಿಲ್ಲದೆ ಜಾರಿಕೊಂಡವು.

ನಿರುಪಮಾ ಒಬ್ಬೊಬ್ಬರಿಗೂ ತಾವೇ ಫೋನು ಮಾಡಿದರು. "ಇಲ್ಲ ಆಂಟಿ, ಬಳಗ ಸೂಪರ್. ಈ ವರ್ಷ ಸ್ವಲ್ಪ ಬಿಜಿ, ಅಷ್ಟೇ." ಎಲ್ಲರದೂ ಅದೇ ರಾಗ. ಎದೆನೋವೆಂದು ಬಂದವನ ಬಾಯಿಂದ ಎರಡೇ ಪ್ರಶ್ನೆಗೆ ಮನೆಯ ಜಗಳವನ್ನು ಹೊರಗೆಳೆಯುತ್ತಿದ್ದ ಡಾಕ್ಟರು ಈ ಮಾತನ್ನು ಮಾತ್ರ ನಂಬಿಬಿಟ್ಟರು. ನಮ್ಮ ಜನ ಹಿರಿಯರ ಮುಖಕ್ಕೆ ಹೊಡೆದಂತೆ ಒಂದು ಮಾತು ಆಡುವವರಲ್ಲ. ಸಹಿಸುವಷ್ಟು ಸಹಿಸಿ, ನಗುನಗುತ್ತಾ ಕಾಲು ತೆಗೆಯುವವರು. ಅದು ಗೊತ್ತಿದ್ದೂ ನಿರುಪಮಾ ಮುಂದಿನ ಬಿಡಾರಕ್ಕೆ ಬಣ್ಣದ ದೀಪದ ಸರ ಕೊಂಡರು.

ಜೂನಿನ ಬಿಡಾರ ಬಕ್ಸ್‌ಟನ್ ಬಳಿಯ ಒಂದು ಹೊಲದಲ್ಲಿತ್ತು. ಆ ಶುಕ್ರವಾರ ದಾರಿಯಲ್ಲಿ ಸ್ಟೋಕ್ ಊರು ಸಿಗುವ ಮೊದಲೇ ಮುಂದೆಲ್ಲೋ ಲಾರಿ ಮಗುಚಿ ಮೋಟರ್‌ವೇ ಬಂದ್ ಆಯಿತು. ನಿರುಪಮಾರ ಗಾಡಿ ಅಲುಗಲಿಲ್ಲ. ಗಂಟೆಗಳು ಕಳೆದವು. ಕೊನೆಗೆ ಸೃಷ್ಟಿಗೆ ಫೋನು ಮಾಡಿ, "ನಮ್ದು ಲೇಟಾಗತ್ತಮ್ಮ, ನೀವೆಲ್ಲ ಊಟ ಮಾಡ್ಬಿಡಿ" ಎಂದರು.

"ಅಯ್ಯೋ, ಅದೆಲ್ಲ ಆಗಲ್ಲ ಆಂಟಿ. ಬನ್ನಿ, ಕಾಯ್ತೀವಿ" ಎಂದಳು ಸೃಷ್ಟಿ.

ನಿರುಪಮಾರಿಗೆ ಒಳಗೊಳಗೇ ಸಂತೋಷವಾಯಿತು. ಊಟ ಮಾಡಿ ಎಂದದ್ದು ಬಾಯಿಮಾತಿಗೆ ಎಂಬುದು ಆ ಕಡೆಯವರಿಗೂ ಗೊತ್ತು, ಈ ಕಡೆಯವರಿಗೂ ಗೊತ್ತು. "ನೋಡಿದ್ರಾ, ಎಷ್ಟು ಪ್ರೀತಿ" ಎಂದರು ಗಂಡನಿಗೆ. ರಾಮಮೂರ್ತಿಗಳು ಸೀಟಿನ ಕೆಳಗಿನಿಂದ ಚಕ್ಕುಲಿಯ ಡಬ್ಬಿ ತೆಗೆದು ಕುರುಕಿದರು.

ಹೊಲ ಮುಟ್ಟಿದಾಗ ಒಂಬತ್ತು ಹೊಡೆದಿತ್ತು; ಬೇಸಿಗೆಯ ಬೆಳಕು ಇನ್ನೂ ಇತ್ತು. ರಿವರ್ಸ್ ನೋಡಲು ಈ ಸಲ ಯಾರೂ ಬಂದು ನಿಲ್ಲಲಿಲ್ಲ. ಒಲೆಗಳ ಮೇಲೆ ಮುಚ್ಚಿಟ್ಟ ಅಡುಗೆ ಆರಿ ತಣ್ಣಗಾಗಿತ್ತು. ಸೃಷ್ಟಿಯ ಚಿಕ್ಕ ಮಗಳು ಖಾಲಿ ಚಿಪ್ಸ್ ಪೊಟ್ಟಣ ಹಿಡಿದುಕೊಂಡೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ದೊಡ್ಡವನು ಹುಲ್ಲಿನ ಮೇಲೆ ಬಿದ್ದು ರಂಪ ಮಾಡುತ್ತಿದ್ದ. ಎಲ್ಲರೂ ಎದ್ದು ನಿಂತು "ಬಂದ್ರಾ, ಬನ್ನಿ ಬನ್ನಿ" ಎಂದರು. ಆ ಮುಖಗಳಲ್ಲಿದ್ದದ್ದು ಪ್ರೀತಿಯೋ ಹಸಿವೋ ಹೇಳುವುದು ಕಷ್ಟವಿತ್ತು. ಮೆಹಬೂಬ್ ಮಾತ್ರ ಏಳಲಿಲ್ಲ. ಬೆವರಿನಲ್ಲಿ ಅವನ ಅಂಗಿ ಮೈಗೆ ಅಂಟಿತ್ತು, ಕೈ ನಡುಗುತ್ತಿತ್ತು. "ಗೇಟ್ ತೆಗದ್ರೇನು? ಗೇಟ್ ತೆಗದ್ರೇನು?" ಎಂದು ಅದನ್ನೇ ಕೇಳುತ್ತಿದ್ದ.

ಮೆಹಬೂಬ್ ಸಕ್ಕರೆ ಕಾಯಿಲೆಯವನು; ರಕ್ತದ ಸಕ್ಕರೆ ತೀರಾ ಇಳಿದಿದೆಯೆಂದು ನಿರುಪಮಾರಿಗೆ ನೋಡಿದೊಡನೆ ಗೊತ್ತಾಯಿತು. "ಇನ್ಸುಲಿನ್ ಯಾವಾಗ ತಗೊಂಡ?"

"ಏಳಕ್ಕ ಅಕ್ಕಾ. ಇನ್ನೇನ್ ನೀವು ಬರ್ತೀರಂತ..." ಇಸ್ಮತ್‌ಳ ದನಿ ಒಡೆಯಿತು. "ಒಂದ್ ಬಿಸ್ಕೀಟರೆ ತಿನ್ರಿ ಅಂದೆ. ಮೇಡಂ ಬರದಽ ಹೆಂಗ ತಿನ್ಲಿ ಅಂದ್ರು."

ನಿರುಪಮಾ ಸೃಷ್ಟಿಯ ಕೈಯಿಂದ ಹಣ್ಣಿನ ರಸದ ಡಬ್ಬಿ ಕಸಿದು, ಅವನ ಗದ್ದ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಮತ್ತೆ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅವನ ಕಣ್ಣಿಗೆ ನೆಲೆ ಬಂತು, ಮಾತು ದಾರಿಗೆ ಬಂತು. ಆಗ ಅವರೇ ಎರಡು ತುತ್ತು ಅನ್ನ ಕಲಸಿ ಉಣಿಸಿದರು.

"ನಾನು ಊಟ ಮಾಡಿ ಅಂದಿದ್ದೆನಲ್ಲ! ಯಾಕೆ ಮಾಡ್ಲಿಲ್ಲ?" ಎಂದು ಅವರ ಭಯವೆಲ್ಲ ಕೋಪವಾಗಿ ಹೊರಬಂತು.

ಸೃಷ್ಟಿ ಮುಂದೆ ಬಂದಳು. ಸುಮುಖ ಹೆಂಡತಿಯ ತೋಳು ಹಿಡಿದ. ಅವಳು ಕೊಡವಿಕೊಂಡಳು.

"ಮಾಡಿದ್ರೆ ನೀವು ಬೇಜಾರ್ ಮಾಡ್ಕೋತಿದ್ರಿ ಆಂಟಿ. ನಾವು ಸುಳ್ಳು ಹೇಳೋದು ಸಾಕು. ಆ್ಯಪ್ ಬೇಕು, ಜುಂಬಾ ಬೇಕು ಅಂತ ನಿಮ್ಮನ್ನ ಯಾರು ಕೇಳಿದ್ರು? ಮಕ್ಕಳಿಗೆ ಆರೂವರೆಗೆ ಊಟ ಬೇಕು. ಬಿಟ್ಟೋದವರೆಲ್ಲ ಬಿಟ್ಟೋಗಿದ್ದು ಇದಕ್ಕೇ. ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗದೆ ಹೋದ್ರು. ಈ ವರ್ಷ ಆದ್ಮೇಲೆ ನಾವೂ ಹೋಗೋಣ ಅಂತಿದ್ವಿ."

ನಿರುಪಮಾ ಆಶ್ರಯಕ್ಕೆಂಬಂತೆ ಇಸ್ಮತ್‌ಳತ್ತ ನೋಡಿದರು. "ನೀನಾದ್ರೂ ಹೇಳು ಇಸ್ಮತ್. ಈ ಪದ್ಧತಿ ಬಂದಿದ್ದು ನಿನಗೋಸ್ಕರ ತಾನೆ? ನೀನು ಅಳಬಾರದು ಅಂತ ತಾನೆ?"

ಇಸ್ಮತ್ ಗಂಡನ ಹಣೆ ಒರೆಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ನೀವು ಪ್ರೀತಿಲೆ ಮಾಡಿದ್ರಿ ಅಕ್ಕಾ, ನಂಗ ಗೊತ್ತದ. ಆದ್ರ ನಮ್ಮ ಸಲುವಾಗಿ ಇಷ್ಟು ಮಂದಿ ಉಪವಾಸ ಕೂತಾರು ಅನ್ನೋ ಹೆದರಿಕಿ ನನಗ. ಅಂದಿನಿಂದ ನಾವು ನಸುಕಿನ್ಯಾಗ ಎದ್ದು ಲೀಡ್ಸ್ ಬಿಡ್ತೀವ್ರಿ. ಮಧ್ಯಾಹ್ನದ ತನ ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನ್ಯಾಗ ಗಾಡಿ ನಿಲ್ಲಿಸ್ಕೊಂಡು ಗೇಟ್ ತೆಗ್ಯಾಕ ಕಾಯ್ತೀವಿ. ಸಣ್ಣಾಕಿದ್ದಾಗ ಸದಫ್ ಕೇಳ್ತಿದ್ದಳು, ಮಮ್ಮಿ, ರಜಾ ಅಂದ್ರ ಕಾರ್ ಪಾರ್ಕೇನು ಅಂತ. ನೀವು ಸಭಾದಾಗ ಉತ್ಸಾಹ ಉತ್ಸಾಹ ಅಂತ ಹೊಗಳತಿದ್ರಿ. ನಾ ಏನಂತ ಹೇಳ್ಲಿ?"

ಸಭೆಗಳಲ್ಲಿ ತಾವು ಚಪ್ಪಾಳೆ ಹೊಡೆಸಿದ್ದು ನೆನಪಾಗಿ ನಿರುಪಮಾರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಬ್ಬಳ ಕಣ್ಣೀರು ನಿಲ್ಲಿಸಲು ಹೊರಟು, ಅವಳ ಇಷ್ಟು ವರ್ಷದ ಬೆಳಗಿನ ನಿದ್ದೆಯನ್ನೇ ಕಿತ್ತುಕೊಂಡಿದ್ದರು. ಅವತ್ತು ಮಕ್ಕಳಿಗೆ ಅನ್ನ ಬಿಸಿ ಮಾಡಿದ್ದು ರಾಮಮೂರ್ತಿಗಳು.

ಮರುದಿನ ಜುಂಬಾದ ಹೊತ್ತಿಗೆ ನಿರುಪಮಾ ಎಲ್ಲರನ್ನೂ ಕೂರಿಸಿಕೊಂಡು, ಇನ್ನು ಮೇಲೆ ಆರೂವರೆಗೆ ಊಟ, ಯಾರು ಬಂದರೂ ಬರದಿದ್ದರೂ, ಎಂದರು. ಹಳಬರಲ್ಲಿ ಪುಟ್ಟಸ್ವಾಮಿಗಳು ಗೊಣಗಿದರು: "ಹಾಗಾದ್ರೆ ನಮ್ಮ ಬಳಗಕ್ಕೂ ಮೋಟರ್‌ವೇ ಕ್ಯಾಂಟೀನಿಗೂ ಏನಮ್ಮ ವ್ಯತ್ಯಾಸ?" ನಿನ್ನೆಯಾಗಿದ್ದರೆ ಈ ಮಾತನ್ನು ನಿರುಪಮಾರೇ ಆಡಿರುತ್ತಿದ್ದರು. "ಗೊತ್ತಿಲ್ಲ ಸ್ವಾಮಿ. ನೋಡೋಣ" ಎಂದರು. ಆಮೇಲೆ ಬಿಟ್ಟುಹೋದ ಮನೆಗಳಿಗೆಲ್ಲ ಮತ್ತೆ ಫೋನು ಮಾಡಿದರು. ಬಿಜಿಯೇ ಎಂದು ಕೇಳಲಿಲ್ಲ. "ನನ್ನ ತಪ್ಪಾಯ್ತು, ಮಕ್ಕಳನ್ನ ಹಸಿವಲ್ಲಿ ಕೂರಿಸ್ತಿದ್ದೆ" ಎಂದರು. ಕೆಲವರು ಆಗಲೂ ಬಿಜಿಯೇ ಇದ್ದರು. ಕೆಲವರು ಸೆಪ್ಟೆಂಬರಿಗೆ ಜಾಗ ಇದೆಯಾ ಆಂಟಿ ಎಂದರು.

ಸೆಪ್ಟೆಂಬರಿನ ಬಿಡಾರ ಲೀಕ್ ಊರಿನ ಆಚೆ. ಗೇಟು ತೆಗೆದಾಗ ಮೆಹಬೂಬರ ಗಾಡಿ ಅಲ್ಲಿರಲಿಲ್ಲ. ಆರೂವರೆಗೂ ಇರಲಿಲ್ಲ. ಮಕ್ಕಳು ತಟ್ಟೆ ಬಡಿದವು, ಬಿಸಿ ಅನ್ನ, ಸಾರು ಬಂತು. ನಿರುಪಮಾ ಎರಡು ಸಲ ತುತ್ತೆತ್ತಿ ಕೆಳಗಿಟ್ಟರು. ಫೋನು ಮಾಡಲೆಂದು ಕೈ ಹೋಯಿತು, ಹಿಂದೆ ತೆಗೆದರು. ಸೃಷ್ಟಿ ಎದುರು ಕೂತು ಅವರನ್ನೇ ನೋಡುತ್ತಿದ್ದಳು. ನಿರುಪಮಾ ಕಣ್ಣುಮುಚ್ಚಿ ಅನ್ನ ನುಂಗಿದರು. ತಟ್ಟೆ ಖಾಲಿ ಮಾಡಿದರು.

ಪಾತ್ರೆ ತೊಳೆಯುತ್ತಿದ್ದಾಗ ಗಾಡಿ ಬಂತು. ಮೆಹಬೂಬ್ ನಿಧಾನವಾಗಿ ಅದನ್ನು ಒಳಗೆ ತಂದ. ಇಸ್ಮತ್ ಇಳಿದಳು, ಮುಖದಲ್ಲಿ ಇನ್ನೂ ನಿದ್ದೆಯ ಕಳೆಯಿತ್ತು.

"ಏನಾಯ್ತೇ? ಪಂಕ್ಚರ್ರಾ?" ಎಂದು ನಿರುಪಮಾ ಸೋಪಿನ ಕೈಯಲ್ಲೇ ಓಡಿದರು.

"ಇಲ್ರಿ ಅಕ್ಕಾ" ಎಂದಳು ಇಸ್ಮತ್, ಸ್ವಲ್ಪ ನಾಚಿಕೊಂಡು. "ದಾರಿಯೊಳಗ ಗಾಡಿ ನಿಲ್ಲಿಸಿ ಉಂಡು, ಹಂಗಽ ಕಣ್ಣು ಹತ್ತಿಬಿಡ್ತು. ಎಬ್ಬಿಸಬ್ಯಾಡ್ರಿ ಅಂದಿದ್ದೆ ಇವ್ರಿಗೆ. ನಿಮ್ದೆಲ್ಲ ಊಟ ಆತೇನು?"

"ಆಯ್ತು ಕಣೇ" ಎಂದ ನಿರುಪಮಾ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟರು. "ನಿನ್ನ ಬಿಟ್ಟು ಊಟ ಮಾಡಿದ್ವಿ."