ಕಾಪಿ ಹೊಡೆದ ಗೋಡೆ

ಗೋವಾದ ಮ್ಹಾಪಸಾ ಹತ್ತಿರದ ನಮ್ಮ ಪುಟ್ಟ ಪರಿಸರ ಕಾಲೇಜಿನ ಪರೀಕ್ಷೆಗೆ ಪೆನ್ನು ಬೇಕಿರಲಿಲ್ಲ; ಒಂದು ಮಣ್ಣಿನ ಮೋಟು ಗೋಡೆ ಕಟ್ಟಿದರಾಯಿತು. ನಾನು ಮೊಣಕಾಲುಮಟ ಕೆಸರಲ್ಲಿ ನಿಂತು ಮಣ್ಣು ತುಳಿಯುತ್ತಿದ್ದಾಗ, ದಾಬೋಲಿಮ್‌ನಲ್ಲಿ ಗೌಂಡಿ ಕೆಲಸ ಮಾಡುವ ಅಪ್ಪ ನನ್ನನ್ನು ನೋಡಲು ಬಂದ.

“ಮಣ್ಣು ತುಳಿಯೋದು ನಿನಗರ ತಪ್ಪಲಿ ಅಂತ ಕಾಲೇಜಿಗೆ ಕಳಿಸಿದ್ನಲ್ಲವ್ವಾ!” ಎಂದು ಹಣೆ ಚಚ್ಚಿಕೊಂಡ. ಆಮೇಲೆ ನಾನು ಸೊಟ್ಟಗೆ ಕಟ್ಟುತ್ತಿದ್ದುದನ್ನು ನೋಡಲಾಗದೆ, ಪ್ಯಾಂಟು ಮಡಚಿ ಇಳಿದು ತಾನೇ ಅರ್ಧ ಗೋಡೆ ಎಬ್ಬಿಸಿಬಿಟ್ಟ.

ಸಂಜೆ ಬಂದ ಮೇಷ್ಟ್ರು ಗೋಡೆಯ ನೆಟ್ಟಗಿದ್ದ ಅರ್ಧವನ್ನು ತೋರಿಸಿ, “ಇದು ಕಾಪಿ. ಕೆಡವಿ ಮತ್ತೆ ಕಟ್ಟು,” ಎಂದು ಹೋದರು.

ನಾನು ಅಪ್ಪನ ಮೇಲೆ ಹರಿಹಾಯ್ದೆ: “ನೀನೂ ನನ್ನಂಗ ಸೊಟ್ಟ ಕಟ್ಟಬೇಕಿತ್ತಿಲ್ಲೋ ಅಪ್ಪಾ?”

ಅಪ್ಪ ತಲೆ ತಗ್ಗಿಸಿ ಕೈ ತೊಳೆಯುತ್ತ ಹೇಳಿದ: “ಸೊಟ್ಟ ಕಟ್ಟಾಕ ಭಾಳ ನೋಡ್ದೆ ಯವ್ವಾ. ಕೈ ಕೇಳಲಿಲ್ಲ.”