ಸಾಲ್ವಿಯಾ ಗಿಡದ ಕೆಂಪು ಹೂವು

ಇದನ್ನು ಒಂದೇ ಬೆಳಗಿನ ಕತೆಯಾಗಿ ಹೇಳಿಬಿಡಬಹುದು. ನನ್ನ ನೆನಪು ಹಾಗೆಯೇ ಹೇಳುತ್ತದೆ; ಅದಕ್ಕೇ ಅದರ ಮೇಲೆ ನನಗೆ ಅನುಮಾನ. ನಿಜದಲ್ಲಿ ಅದು ಒಂದು ಚಳಿಗಾಲದ ಎಷ್ಟೋ ಬೆಳಗುಗಳು.

ಹೃದಯದ ಬೈಪಾಸ್ ಆಗಿ, ಆಸ್ಟ್ರೇಲಿಯಾದ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಬಂದ ಮೇಲೆ ನನ್ನ ಗಂಡ ಹಾಸಿಗೆ ಬಿಟ್ಟು ಏಳಲಿಲ್ಲ. ದಿನವೂ ನಡೆಯದಿದ್ದರೆ ಕಷ್ಟ ಎಂದು ಡಾಕ್ಟರು ಹೆದರಿಸಿದ್ದರು. ಇವರು ಗೋಡೆ ನೋಡುತ್ತ ಮಲಗಿರುತ್ತಿದ್ದರು.

ಒಂದು ದಿನ ಅಡುಗೆಮನೆಯಿಂದ ಕೂಗಿದೆ: "ರೀ, ಹಮ್ಮಿಂಗ್‌ಬರ್ಡ್ ಬಂದಿದೆ, ಬೇಗ ಬನ್ರೀ!"

ಗೋಡೆ ಹಿಡಿದುಕೊಂಡು ಬಂದರು. ಕಿಟಕಿಯಾಚೆ, ಬಾಗಿದ ಉದ್ದ ಕೊಕ್ಕಿನ ಪುಟ್ಟ ಹಕ್ಕಿಯೊಂದು ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು, ಸಾಲ್ವಿಯಾದ ಕೆಂಪು ಹೂವುಗಳೊಳಗೆ ಕೊಕ್ಕು ಇಳಿಸುತ್ತಿತ್ತು. ದೂರದ ಗ್ಲೆನ್ ವೇವರ್ಲಿಯಲ್ಲಿರುವ ಮಗಳಿಗೆ ಫೋಟೊ ಕಳಿಸಿದೆವು.

"ಅಮ್ಮಾ, ಆಸ್ಟ್ರೇಲಿಯಾದಲ್ಲಿ ಹಮ್ಮಿಂಗ್‌ಬರ್ಡ್ಸೇ ಇಲ್ಲ. ಇಟ್ಸ್ ಎ ಸ್ಪೈನ್‌ಬಿಲ್, ಇಲ್ಲಿನದೇ ಮಕರಂದ ಹೀರೋ ಹಕ್ಕಿ," ಎಂದಳು ಫೋನಿನಲ್ಲಿ.

"ಇದೊಂದಕ್ಕೆ ಇಲ್ಲೇ ಇರೋಕೆ ಪಿಆರ್ ಸಿಕ್ಕಿರಬೇಕು ಬಿಡೇ," ಎಂದರು ಇವರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ತಮಾಷೆ.

ಅಂದಿನಿಂದ ಹಕ್ಕಿಗಾಗಿ ಎದ್ದು ಬರತೊಡಗಿದರು.

ಆಮೇಲೆ ಮೈಸೂರಿನಿಂದ ಅತ್ತೆ ಬಂದರು. ಮಗ ಚೇತರಿಸಿಕೊಳ್ಳಲಿ ಎಂದು ಪ್ರತಿ ಬೆಳಿಗ್ಗೆ ಪೂಜೆ, ಪೂಜೆಗೆ ಹೂವು. ಆ ಚಳಿಯಲ್ಲಿ ನಮ್ಮ ಹಿತ್ತಲಲ್ಲಿ ಹೂಬಿಟ್ಟದ್ದು ಸಾಲ್ವಿಯಾ ಒಂದೇ. ನಾವು ಏಳುವಷ್ಟರಲ್ಲಿ ಗಿಡ ಬೋಳಾಗಿರುತ್ತಿತ್ತು. ಹಕ್ಕಿ ಬಂತು, ಸುತ್ತಿತು, ಹೋಯಿತು. ಮತ್ತೆ ಬರಲಿಲ್ಲ. ಇವರು ಪುನಃ ಗೋಡೆಯ ಕಡೆ ತಿರುಗಿ ಮಲಗಿದರು.

"ಅತ್ತೆ, ಹೂವು ಗಿಡದಲ್ಲೇ ಇರ್ಲಿ. ಹಕ್ಕಿ ನೋಡೋಕಾದ್ರೂ ಇವರು ಏಳ್ತಿದ್ರು."

"ಹಕ್ಕಿ ಕಾಪಾಡುತ್ತೇನೇ ನನ್ನ ಮಗನ್ನ? ಇಷ್ಟು ದೂರ ಬಂದು ನಾನು ಮಾಡ್ತಿರೋದು ಯಾರಿಗೋಸ್ಕರ?"

ನಾನು ಬೇಡುತ್ತಿದ್ದುದೂ ಅವರ ಮಗನಿಗೋಸ್ಕರವೇ.

ಅತ್ತೆಯ ಮನಸ್ಸು ಯಾತಕ್ಕೆ ಬದಲಾಯಿತೋ ತಿಳಿಯದು. ಮಗ ಊಟ ಮುಟ್ಟದೆ ತಟ್ಟೆ ವಾಪಸು ಕಳಿಸಿದ್ದಕ್ಕೆ ಇರಬಹುದು. ಇಲ್ಲಿ ಒಂದು ಕಾರಣವನ್ನು ತಂದು ಕೂರಿಸಲು ಕೈ ತುಡಿಯುತ್ತದೆ, ಕೂರಿಸುವುದಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿದ್ದ ದೇವರ ಮುಂದಿನ ಹೂವಿನ ತಟ್ಟೆಯಲ್ಲಿ ಬರೀ ಅಕ್ಷತೆ ಇತ್ತು. ಪೂಜೆಯಲ್ಲಿ ಏನಾದರೂ ಇಲ್ಲದಿದ್ದರೆ ಅದರ ಬದಲಿಗೆ ನಾಲ್ಕು ಅಕ್ಷತೆ ಕಾಳು ಹಾಕಿ ಮುಂದುವರಿಯುತ್ತಾರೆ.

"ಹೂವು ಇಲ್ವಾ, ಅತ್ತೆ?"

"ಇಲ್ಲ," ಎಂದರು, ಕಿಟಕಿಯ ಕಡೆ ನೋಡದೆ. ಹೊರಗೆ ಗಿಡದ ತುಂಬ ಮೊಗ್ಗು, ನಡುವೆ ಕೀಳದೆ ಬಿಟ್ಟ ಕೆಂಪು ಹೂವು.

ಎಷ್ಟು ದಿನ ಅಕ್ಷತೆಯಲ್ಲೇ ನಡೆಯಿತೋ ಎಣಿಸಲಿಲ್ಲ. ಹಕ್ಕಿ ಮತ್ತೆ ಬಂದಾಗ ಮೊದಲು ಕಂಡದ್ದು ಅತ್ತೆಗೇ. ಮಂತ್ರ ಅರ್ಧಕ್ಕೇ ನಿಲ್ಲಿಸಿ ಕೂಗಿದರು:

"ಲೋ, ಬಂತು ಕಣೋ! ಎದ್ದು ಬಾರೋ!"

ಹಾಸಿಗೆ ಕಿರುಗುಟ್ಟಿತು. ನಿಧಾನದ ಹೆಜ್ಜೆಗಳು. ಇವರು ಕಿಟಕಿ ತಲುಪುವ ಹೊತ್ತಿಗೆ ಹಕ್ಕಿ ಹೋಗಿಬಿಟ್ಟಿತ್ತು. ಸಿಂಕಿನ ಅಂಚು ಹಿಡಿದು, ಗಿಡದ ಕಡೆ ನೋಡುತ್ತ ನಿಂತೇ ಇದ್ದರು. ನಾನು ಕುರ್ಚಿ ತಂದೆ. ಕೂರಲಿಲ್ಲ.