ಬೆನ್ನ ಹಿಂದಿನ ಹೊದಿಕೆ

"ನಾನು ಬಟ್ಟೆ ಒಗೆಯಲ್ಲ ಅತ್ತೆ. ಆಸ್ಪತ್ರೆ ಬಟ್ಟೆ ಒಗೆಯೋ ಕಂಪನಿಗೂ ಆ ಆಸ್ಪತ್ರೆಗಳಿಗೂ ನಡುವೆ ಮಾತಾಡೋಳು ನಾನು. ಕಲೆ ಹೋಗಿಲ್ಲ ಅಂತ ಅವರು ನನ್ನ ಬೈತಾರೆ, ನಾನು ಅದನ್ನೇ ನಯ ಮಾಡಿ ಒಗೆಯೋರಿಗೆ ಮುಟ್ಟಿಸ್ತೀನಿ. ಲಾರಿ ತಡವಾದ್ರೂ ನನಗೇ ಬೈಗುಳ. ಕಂಪನಿ ಹೇಗಿದೆ ಅಂತ ಕಣ್ಣಲ್ಲಿ ನೋಡಿಲ್ಲ. ನಿಮ್ಮ ಮಂಡಿ ಆಪರೇಷನ್ ಆದಾಗ ಬಿಟ್ರೆ ಆಸ್ಪತ್ರೆ ಮೆಟ್ಟಿಲೂ ಹತ್ತಿಲ್ಲ. ಈ ಕೋಣೇಲಿ ಕೂತೇ ಐದು ಆಸ್ಪತ್ರೆ ಸಂಭಾಳಿಸ್ತೀನಿ. ಅದಕ್ಕೇ ಅಕೌಂಟ್ ಮ್ಯಾನೇಜರ್ ಅನ್ನೋದು."

"ಬೈಸಿಕೊಳ್ಳೋಕೆ ಸಂಬಳ ಅನ್ನು," ಎಂದರು ಅತ್ತೆ. "ನಾನು ಇಷ್ಟು ವರ್ಷ ಪುಕ್ಕಟೆ ಬೈಸಿಕೊಂಡೆ."

ಸೊಸೆಯ ಆಫೀಸೆಂದರೆ ಮನೆಯ ಹಿಂದಿನ ಕೋಣೆ. ಬಿಸಿಲು ಬೀಳುವುದು ಅಲ್ಲೊಂದೇ ಕಡೆಯಾದ್ದರಿಂದ ಬಟ್ಟೆ ಒಣಗಿಸುವ ತಂತಿಯೂ ಅಲ್ಲೇ. ವೀಡಿಯೊ ಕರೆಗೆ ಕ್ಯಾಮೆರಾ ಹಾಕುವ ಮುಂಚೆ ಗಂಡನ ಬನಿಯನ್ನುಗಳನ್ನು ಪಕ್ಕಕ್ಕೆ ತಳ್ಳಿ, ಕೈಗೆ ಸಿಕ್ಕ ಹೊದಿಕೆಯನ್ನು ಬೆನ್ನ ಹಿಂದೆ ಪರದೆಯಂತೆ ಎಳೆದುಕೊಳ್ಳುವಳು.

ಐದರಲ್ಲಿ ದೊಡ್ಡದು, ಅತ್ತೆಗೆ ಆಪರೇಷನ್ ಆದ ಆಸ್ಪತ್ರೆ. ಅದು ಕೈಬಿಟ್ಟರೆ ಸೊಸೆಯ ಕೆಲಸವೂ ಹೋದಂತೆಯೇ. ಅಲ್ಲಿನ ನರ್ಸುಗಳ ಮೇಲಿನ ಮೇಟ್ರನಮ್ಮನದು ಒಂದೇ ಹಟ: ಹಸಿರಂಚಿನ ಒಂದು ಹೊದಿಕೆ ಕಾಣೆಯಾಗಿದೆ, ಅದು ಸಿಗದೆ ಕರಾರು ಮುಂದುವರಿಯದು. ಸಾವಿರಾರು ಹೊದಿಕೆಗಳಲ್ಲಿ ಒಂದು! ಹೊಸದು ಕೊಡುತ್ತೇವೆಂದರೆ, "ಕಳೆದಿದ್ದು ಹಳೇದು" ಎನ್ನುತ್ತಿದ್ದರು.

ಕಡೆಯ ಮಾತುಕತೆಯ ದಿನ ಸೊಸೆ ಗಂಭೀರವಾಗಿ ಶುರುಮಾಡಿದಳು. "ಮೇಡಂ, ನಮ್ಮ ಇಡೀ ತಂಡ ಹುಡುಕ್ತಿದೆ. ಒಂದು ಮೂಲೆಯನ್ನೂ ಬಿಟ್ಟಿಲ್ಲ."

ಮೇಟ್ರನಮ್ಮ ಕನ್ನಡಕ ಏರಿಸಿದರು. "ಸ್ವಲ್ಪ ಪಕ್ಕಕ್ಕೆ ಸರೀರಿ. ನಿಮ್ಮ ಹಿಂದೆ ಏನಮ್ಮಾ ಅದು?"

ಸೊಸೆ ತಿರುಗಿ ನೋಡಿದಳು. ಹಸಿರಂಚು. ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆ. ಅತ್ತೆ ಬೆಳಿಗ್ಗೆಯಷ್ಟೇ ಪೆಟ್ಟಿಗೆಯ ತಳದಿಂದ ತೆಗೆದು ಒಗೆದು ಹಾಕಿದ್ದರು. ಸೊಸೆಯ ಬಾಯಿ ಒಣಗಿತು. ಹೊದಿಕೆ ಇನ್ನೂ ಒಣಗಿರಲಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಕ್ಯಾಮೆರಾದ ಮುಂದೆ ಬಂದರು. "ಮನೆಗೆ ಕಳಿಸಿದ ದಿನ ಚಳಿ ಇತ್ತು ಕಣಮ್ಮಾ, ಹೊದ್ದುಕೊಂಡು ಬಂದೆ. ಗಾಲಿ ಕುರ್ಚಿ ವಾಪಸ್ ಇಸ್ಕೊಂಡ್ರಿ, ಇದನ್ನ ಯಾರೂ ಕೇಳಲಿಲ್ಲ."

ಕೆಲಸ ಹೋಯಿತೆಂದೇ ಸೊಸೆ ತಲೆ ತಗ್ಗಿಸಿದಳು. ಮೇಟ್ರನಮ್ಮ ಯೋಚಿಸಿ ಬಾಯಿ ತೆರೆದರು.

"ಹಿಂದಿನ ಕಂಪನಿಯೋರೂ ಹುಡುಕ್ತಿದ್ದೀವಿ ಅಂತಾನೇ ಅಂದಿದ್ರು, ಒಂದು ಕರವಸ್ತ್ರಾನೂ ಸಿಗಲಿಲ್ಲ. ನೀವು ರೋಗಿ ಮನೇಲೇ ಆಫೀಸ್ ಹಾಕಿ ಹಿಡಿದಿದ್ದೀರಿ. ಕರಾರು ಮುಂದುವರೀಲಿ. ಎರಡು ದಿಂಬಿನ ಕವರೂ ಕಾಣ್ತಿಲ್ಲ, ಅವನ್ನೂ ಹೀಗೇ ಹುಡುಕಿಬಿಡಿ."

ಕರೆ ಮುಗಿದು ಕಂಪ್ಯೂಟರ್ ಪರದೆ ಕಪ್ಪಾಯಿತು. ಸೊಸೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

"ನನ್ನ ಯಾಕೆ ನೋಡ್ತೀಯಾ?" ಎಂದರು ಅತ್ತೆ. "ಆಸ್ಪತ್ರೇಲಿ ರಾತ್ರಿ ಜೊತೆಗೆ ಮಲಗ್ತಿದ್ದೋನು ನಿನ್ನ ಗಂಡ. ದಿಂಬಿನ ಕವರು ಅವನನ್ನ ಕೇಳು."

ಸಂಜೆಯ ಹೊತ್ತಿಗೆ ಹೊದಿಕೆ ಒಣಗಿತ್ತು. ಅತ್ತೆ ಒಂದು ತುದಿ ಹಿಡಿದರು, ಸೊಸೆ ಇನ್ನೊಂದು. ಇಬ್ಬರೂ ಚೆನ್ನಾಗಿ ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸತೊಡಗಿದರು.